ಓಕ್ ಮರದ ಗಾಲಿಮನೆ

"ಅಳಬೇಡ ಮಾರಾಯ್ತಿ. ನಾನು ರಿಟೈರಾದ ವರ್ಷವೇ ನಿನ್ನ ತಂಗೀನ ಮನೆ ಸಮೇತ ತಂದು ನಿನ್ನ ಅಂಗಳದಲ್ಲಿ ನಿಲ್ಲಿಸ್ತೀನಿ. ಇಡೀ ಬೇಸಿಗೆ ಅಲ್ಲೇ ಬೀಡು. ಸಾಕಪ್ಪಾ ಹೋಗ್ರಿ ಅಂತ ನೀನೇ ಕೈಮುಗೀಬೇಕು, ಹಾಗೆ."

ಡೆಲ್ಮಾರ್ ಹಾಸ್ಟೆಟ್ಲರ್ ಈ ಮಾತು ಕೊಟ್ಟಾಗ ಅವನಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಹೆಂಡತಿ ನೋರೀನಳ ಅಕ್ಕ ವಾಂಡಾ ಗಂಡನೊಂದಿಗೆ ದೇಶದ ಆ ತುದಿಗೆ, ವಾಷಿಂಗ್ಟನ್ ಕರಾವಳಿಯ ಕ್ರ್ಯಾನ್‌ಬೆರಿ ತೋಟಕ್ಕೆ ಹೊರಟು ನಿಂತಿದ್ದಳು. ಅಕ್ಕತಂಗಿಯರಿಬ್ಬರೂ ಕಾರಿನ ಬಾಗಿಲನ್ನು ಆಚೆಯಿಂದೊಬ್ಬಳು ಈಚೆಯಿಂದೊಬ್ಬಳು ಹಿಡಿದುಕೊಂಡು ಬಿಡಲೊಲ್ಲರು. ಆ ಅಳು ನಿಲ್ಲಿಸಲು ಏನಾದರೂ ಹೇಳಬೇಕಿತ್ತು, ಡೆಲ್ಮಾರ್ ಹೇಳಿದ. ಹೇಳಿದ್ದು ಬಾಯಿಮಾತಿಗಲ್ಲ. ಇಂಡಿಯಾನಾದ ಎಲ್ಕ್‌ಹಾರ್ಟಿನಲ್ಲಿ ಹುಟ್ಟಿದವರಿಗೆ ಮನೆ ಸಮೇತ ಹೊರಡುವುದು ದೊಡ್ಡ ಸಂಗತಿಯೇನಲ್ಲ. ಊರಿಗೆ ಊರೇ ಗಾಲಿಯ ಮೇಲಿನ ಮನೆಗಳನ್ನು ಕಟ್ಟಿ ಮಾರುವ ಊರು ಅದು, ಡೆಲ್ಮಾರ್ ಅಂಥದೊಂದು ಕಾರ್ಖಾನೆಯಲ್ಲಿ ಕಪಾಟು ಕೂರಿಸುವವನು.

ನೋರೀನ್ ಆ ಮಾತನ್ನು ಸೆರಗಿನ ಗಂಟಿನ ಹಾಗೆ ಇಟ್ಟುಕೊಂಡಳು. ತಾಯಿ ತೀರಿಕೊಂಡಾಗ ವಾಂಡಾ ಬಂದಳು, ತನ್ನ ಗಂಡ ಹೋದ ಮೇಲೆ ಒಂದು ಕ್ರಿಸ್ಮಸ್ಸಿಗೆ ಬಂದಳು. ನೋರೀನ್ ಮಾತ್ರ ಒಮ್ಮೆಯೂ ಆ ಕಡೆ ಹೋಗಲಿಲ್ಲ. ಶಾಲೆಯ ಅಡುಗೆಮನೆಯ ಕೆಲಸಕ್ಕೆ ಬೇಸಿಗೆ ರಜೆ ಇರುತ್ತಿತ್ತು, ವಿಮಾನವೂ ಇತ್ತು. "ಹೋದ್ರೆ ಮನೆ ಸಮೇತ ಹೋಗ್ತೀನಿ. ಡೆಲ್ ಹೇಳಿದಾನೆ," ಎಂದು ನಗುತ್ತಿದ್ದಳು. ಆ ನಗೆಯಲ್ಲಿ ಹೆಮ್ಮೆಯಿತ್ತು. ಡೆಲ್ಮಾರ್‌ಗೂ ಅದನ್ನು ಕೇಳಲು ಹಿತವಾಗುತ್ತಿತ್ತು.

ಕೊನೆಗೂ ಅವನು ನಿವೃತ್ತನಾದ. ಆ ಚಳಿಗಾಲದಲ್ಲೇ ತನ್ನದೇ ಕಾರ್ಖಾನೆಯಲ್ಲಿ ತಯಾರಾದ, ಒಬ್ಬರು ಬಳಸಿ ಬಿಟ್ಟ ಉದ್ದನೆಯ ಟ್ರೇಲರ್ ಮನೆಯೊಂದನ್ನು ಕೊಂಡು ತಂದ. ಅದನ್ನು ಎಳೆಯುವ ಪಿಕಪ್ ಟ್ರಕ್ ಮೊದಲೇ ಇತ್ತು. ಏಪ್ರಿಲ್‌ನಲ್ಲಿ ಗಂಡಹೆಂಡತಿ ಇಬ್ಬರೂ ಚರ್ಚಿನ ಹಿಂದಿನ ಬಯಲಿನಲ್ಲಿ ಅದನ್ನು ಹಿಂದಕ್ಕೆ ಓಡಿಸುವುದನ್ನು ಕಲಿತರು. ಹಿಂದೆ ನಿಂತು ಕೈಸನ್ನೆ ಮಾಡುವುದು ನೋರೀನಳ ಪಾಲು.

"ಎಡಕ್ಕೆ! ಎಡಕ್ಕೆ ಅಂದ್ನಲ್ಲೋ!"

"ಯಾರ ಎಡ? ನಿನ್ನದೋ ನನ್ನದೋ?"

"ಗಾಡಿದು!"

"ಗಾಡಿಗೆ ಎಡಬಲ ಗೊತ್ತಿದ್ರೆ ನೀನ್ಯಾಕೆ ಬೇಕಿತ್ತು ಅಲ್ಲಿ?"

"ಹಾಗಾದ್ರೆ ಗಾಡಿ ಜೊತೆನೇ ಸಂಸಾರ ಮಾಡು ಹೋಗು," ಎಂದು ಅವಳು ಕೈ ಕಟ್ಟಿ ನಿಂತಳು. ಟ್ರೇಲರಿನ ಹಿಂದಿನ ಮೂಲೆ ಮೆಲ್ಲಗೆ ಹೋಗಿ ಚರ್ಚಿನ ಕಸದ ಡಬ್ಬಿಗೆ ಮುತ್ತಿಟ್ಟಿತು. ಇಬ್ಬರೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡರು. ತಿಂಗಳು ಮುಗಿಯುವಷ್ಟರಲ್ಲಿ ಕೈ ಪಳಗಿತು. ಟಪಾಲು ಬರಲು ಸೌತ್ ಡಕೋಟಾದಲ್ಲಿ ಒಂದು ವಿಳಾಸವನ್ನೂ ಮಾಡಿಕೊಂಡರು. ತಿಂಗಳುಗಟ್ಟಲೆ ಗಾಲಿಯ ಮೇಲೆ ಇರುವವರೆಲ್ಲ ಮಾಡುವುದು ಹಾಗೆ, ಬಂದ ಟಪಾಲನ್ನು ಅಲ್ಲಿಂದ ಅವರಿದ್ದಲ್ಲಿಗೆ ಕಳಿಸುತ್ತಾರೆ. ಮೇ ತಿಂಗಳಲ್ಲಿ ಹೊರಡುವುದೆಂದಾಯಿತು. ಆಗಲೇ ಹೊರಟುಬಿಡಬೇಕಿತ್ತು.

ಒಂದು ಮಳೆಯ ನಂತರ ಮಲಗುವ ಕೋಣೆಯ ಮೂಲೆಯಲ್ಲಿ ಅಂಗೈಯಗಲ ಒದ್ದೆ ಕಾಣಿಸಿತು. ಡೆಲ್ಮಾರ್ ನೋಡಲೆಂದು ಗೋಡೆಯ ಹಲಗೆಯೊಂದನ್ನು ಬಿಚ್ಚಿದ.

ಆ ಕಾರ್ಖಾನೆಗಳಲ್ಲಿ ಕೆಲಸ ನಡೆಯುವ ರೀತಿಯೇ ಬೇರೆ. ಕೂಲಿ ಗಂಟೆಗಲ್ಲ, ದಿನಕ್ಕೆ ಇಷ್ಟು ಮನೆ ಎಂದು ಗೊತ್ತುಮಾಡಿರುತ್ತಾರೆ, ಅಷ್ಟು ಮುಗಿದರೆ ಮಧ್ಯಾಹ್ನವಾದರೂ ಸರಿ ಮನೆಗೆ ಹೋಗಬಹುದು. ಅದಕ್ಕೇ ಅಲ್ಲಿ ಯಾರೂ ನಡೆಯುವುದಿಲ್ಲ, ಓಡುತ್ತಾರೆ. ಒಬ್ಬ ನಿಧಾನಿಸಿದರೆ ಸಾಲಿನವರೆಲ್ಲ ಅವನಿಗೆ ಸಹಸ್ರನಾಮ ಮಾಡುತ್ತಾರೆ. ಡೆಲ್ಮಾರ್ ಓಡುವವರಲ್ಲೆಲ್ಲ ಮುಂದು. ಹಾಗೆ ಓಡಿ ಓಡಿ ಸಂಪಾದಿಸಿದ ಮಧ್ಯಾಹ್ನಗಳಲ್ಲೇ ಮಗಳಿಗೆ ಸೈಕಲ್ ಕಲಿಸಿದ್ದ, ಹಿತ್ತಲಲ್ಲಿ ಸೌತೆ ಬೆಳೆದಿದ್ದ. ಈಗ ಹಲಗೆಯ ಹಿಂದೆ ನೋಡಿದರೆ ಆ ಓಟವೇ ಕಾಣುತ್ತಿತ್ತು. ಅರ್ಧ ಮೊಳೆಗಳು ಮರವನ್ನು ಮುಟ್ಟದೆ ಗಾಳಿಯಲ್ಲಿ ನಿಂತಿದ್ದವು. ಅಂಟು ಒಂದು ಕಡೆ ಬಿದ್ದು ಇನ್ನೊಂದು ಕಡೆ ಬಿದ್ದಿರಲಿಲ್ಲ. ಕಪಾಟಿಗೆ ಮೊಳೆ ಬಡಿದ ಕೈ ತನ್ನದೇ ಎಂದು ಅವನಿಗೆ ನೋಡಿದ ಕೂಡಲೇ ತಿಳಿಯಿತು.

"ಟೇಪ್ ಹಚ್ಚಿ ನಡಿ," ಎಂದಳು ನೋರೀನ್. "ಜಗತ್ತಿನ ಜನ ಎಲ್ಲ ಇಂಥದ್ರಲ್ಲೇ ಓಡಾಡ್ತಿದಾರೆ."

"ಜಗತ್ತಿನ ಜನಕ್ಕೆ ಒಳಗೇನಿದೆ ಗೊತ್ತಿಲ್ಲ ಕಣೇ. ನಂಗೆ ಗೊತ್ತಿದೆ."

"ಗೊತ್ತಿದ್ರೂ ಇಷ್ಟು ವರ್ಷ ಮಾರಿದ್ರಲ್ಲ?"

"ಅದಕ್ಕೇ," ಎಂದ ಡೆಲ್ಮಾರ್.

ಒಂದು ಹಲಗೆ ಎರಡಾಯಿತು, ಎರಡು ಗೋಡೆಯಾಯಿತು. ಜೂನ್ ಬರುವಷ್ಟರಲ್ಲಿ ಒಳಗೆ ಅಸ್ಥಿಪಂಜರವೊಂದೇ ಉಳಿದಿತ್ತು. ಇನ್ನು ಕಟ್ಟುವುದಾದರೆ ಸರಿಯಾಗಿ ಕಟ್ಟಬೇಕು ಎಂದುಕೊಂಡ. ಪೆರಿ ಯೋಡರನ ಮರಗೆಲಸದ ಶೆಡ್ಡಿನಿಂದ ಓಕ್ ಹಲಗೆಗಳನ್ನು ತಂದ. ಪೆರಿ ಸಾಲಿನಲ್ಲಿ ಅವನ ಪಕ್ಕದಲ್ಲೇ ಓಡಿದವನು; ಹಳೇ ಕಾಲದ ಹಾಗೇ ಬದುಕುವ ಆಮಿಷ್ ಪಂಥದ ಮನುಷ್ಯ, ಗಡ್ಡ, ಹುಲ್ಲಿನ ಟೋಪಿ, ಮನೆಗೆ ಕರೆಂಟಿಲ್ಲ, ಬಾಯಿಗೆ ಬೀಗವೂ ಇಲ್ಲ. ಡೆಲ್ಮಾರ್ ಒಂದೊಂದು ಹಲಗೆಯನ್ನೂ ಸವರಿ ನೋಡಿ ಆರಿಸಿದ. ಬಾಗಿಲುಗಳ ಮೂಲೆಗಳನ್ನು ಮೊಳೆಯಿಲ್ಲದೆ ಕಚ್ಚಿಸಿ ಕೂಡಿಸಿದ. ಒಂದು ಕಪಾಟಿಗೆ ಒಂದು ವಾರ ಹಿಡಿಯಿತು. ಬದುಕಿನಲ್ಲಿ ಮೊದಲ ಬಾರಿಗೆ ನಿಧಾನವಾಗಿ ಕೆಲಸ ಮಾಡುತ್ತಿದ್ದ, ಅದರ ರುಚಿ ಅವನಿಗೆ ಹತ್ತಿಬಿಟ್ಟಿತು.

ಭಾನುವಾರಗಳಂದು ವಾಂಡಾ ಫೋನ್ ಮಾಡುತ್ತಿದ್ದಳು. "ನಿಮಗೆ ಅಂತ ಶೆಡ್ ಪಕ್ಕ ಜಾಗ ಮಾಡಿಸಿದೀನಿ. ಜಲ್ಲಿ ಹಾಕಿಸಿದೆ. ಯಾವಾಗ ಬರ್ತೀರಾ?"

"ಈ ಕಪಾಟು ಒಂದು ಮುಗೀಲಿ ಅಕ್ಕಾ."

ಐದು ನಿಮಿಷ ಕಳೆದ ಮೇಲೆ ಮತ್ತೆ, "ನೋರೀನ್, ಜಲ್ಲಿ ಹಾಕಿಸಿದೀನಿ ಅಂದ್ನಾ? ಯಾವಾಗ ಬರ್ತೀರಾ?"

ಮೊದಮೊದಲು ನೋರೀನ್ ನಕ್ಕಳು. ಆಗಸ್ಟಿನಲ್ಲಿ ವಾಂಡಾಳ ಮಗ ಬೇರೆಯಾಗಿ ಫೋನ್ ಮಾಡಿ, ಅಮ್ಮ ಒಲೆ ಆರಿಸುವುದನ್ನು ಮರೆಯುತ್ತಿದ್ದಾಳೆ, ಡಾಕ್ಟರು ಈ ಮರೆವು ಏರುತ್ತಲೇ ಹೋಗುತ್ತದೆ ಎಂದಿದ್ದಾರೆ ಎಂದ. ನೋರೀನ್ ಫೋನ್ ಇಟ್ಟು ನೇರ ಟ್ರೇಲರಿಗೆ ಬಂದಳು. ಡೆಲ್ಮಾರ್ ಮಂಡಿಯೂರಿ ಡ್ರಾಯರ್ ಕೂರಿಸುತ್ತಿದ್ದ.

"ನಾಳೆ ಹೋಗೋಣ ಡೆಲ್. ಹೇಗಿದೆಯೋ ಹಾಗೆ. ನೆಲದ ಮೇಲೆ ಮಲಗ್ತೀನಿ ಬೇಕಾದ್ರೆ."

"ನೀರಿನ ಪೈಪ್ ಎಲ್ಲ ಬಿಚ್ಚಿದೆಯಲ್ಲೇ. ಇನ್ನೇನು, ಒಂದು ತಿಂಗಳು."

ಒಂದು ತಿಂಗಳು ಎಂದದ್ದು ಅಕ್ಟೋಬರ್ ಕೊನೆಯಾಯಿತು. ಆಮೇಲೆ ನಡುವೆ ದಾಟಬೇಕಾದ ಬೆಟ್ಟಗಳ ಕಣಿವೆ ದಾರಿಗಳಿಗೆ ಹಿಮ. ಮುಂದಿನ ವಸಂತಕ್ಕೆ ಎಂದಾಯಿತು.

ಆ ಚಳಿಗಾಲ ಮನೆ ಮಾರೋಣವೆಂದು ಹಟ ಹಿಡಿದವಳು ನೋರೀನ್. ಮನೆ ಹೋದರೆ ಇವನು ಕಾಲು ಕೀಳಲೇಬೇಕು ಎಂಬುದು ಅವಳ ಎಣಿಕೆ. ಏಪ್ರಿಲ್‌ನಲ್ಲಿ ಅಂಗಳದಲ್ಲಿ ಹರಾಜು ಇಟ್ಟರು. ಹುಲ್ಲಿನ ಗಾಡಿಗಳ ಮೇಲೆ ಅವರ ಸಂಸಾರವನ್ನೆಲ್ಲ ಹರಡಿದರು, ಚರ್ಚಿನ ಹೆಂಗಸರು ಒಂದು ಪಕ್ಕದಲ್ಲಿ ಚಿಕನ್ ನೂಡಲ್ಸು, ಕಡುಬು ಮಾರಲು ಕುಳಿತರು. ಹರಾಜಿನವನ ನಾಲಗೆ ಗಿರಣಿಯ ಹಾಗೆ ಓಡತೊಡಗಿತು. ನೋರೀನಳ ತಾಯಿಯ ಕೌದಿಗಳು ಹೋದವು. ಊಟದ ಮೇಜು ಹೋಯಿತು. ಮಗಳು ತಾನು ಬೇಕೆಂದದ್ದನ್ನು ಮೊದಲೇ ಒಯ್ದಿದ್ದಳು. ಹೊಲಿಗೆ ಯಂತ್ರವೊಂದನ್ನು ಮಾತ್ರ ನೋರೀನ್ ಒಳಗಿಟ್ಟುಕೊಂಡಿದ್ದಳು.

"ಅದು ಕಬ್ಬಿಣ ಕಣೇ," ಎಂದ ಡೆಲ್ಮಾರ್ ತಗ್ಗಿದ ದನಿಯಲ್ಲಿ. "ಗಾಡೀಲಿ ಒಂದೊಂದು ಸೇರೂ ಲೆಕ್ಕ."

ಅವಳು ಅವನ ಮುಖವನ್ನು ನೋಡಿದಳು. ಒಳಗೆ ಹೋಗಿ ಯಂತ್ರವನ್ನು ಎದೆಗವಚಿ ತಂದು ಗಾಡಿಯ ಮೇಲಿಟ್ಟಳು. ಅದನ್ನು ಕೊಂಡವಳು ಪೆರಿಯ ಹೆಂಡತಿ. "ಚೆನ್ನಾಗಿ ನೋಡ್ಕೋತೀನಿ," ಎಂದಾಗ ನೋರೀನ್, "ಎಣ್ಣೆ ಹಾಕ್ತಿರು, ಅಷ್ಟೇ," ಎಂದಳು. ಡೆಲ್ಮಾರ್ ಆಗ ಬೇರೆ ಕಡೆ ನೋಡಿದ. ಆ ಗಳಿಗೆಯಲ್ಲಿ ಅವನ ತಲೆಯಲ್ಲಿದ್ದದ್ದು ಕಪಾಟಿನ ಬಾಗಿಲಿಗೆ ಹಿತ್ತಾಳೆಯ ಹಿಡಿ ಚೆನ್ನೋ ಮರದ ಹಿಡಿ ಚೆನ್ನೋ ಎಂಬುದು.

ಮೇ ತಿಂಗಳಲ್ಲಿ ಮನೆಯ ಬೀಗದ ಕೈ ಹೊಸಬರಿಗೆ ಕೊಟ್ಟಾಯಿತು. ಗಾಲಿಮನೆಯೂ ಮುಗಿದಿತ್ತು. ನೋಡಿದವರು ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಡುವ ಹಾಗಿತ್ತು. ಜೇನಿನ ಬಣ್ಣದ ಮರ, ಉಗುರು ತೂರದ ಸಂದುಗಳು. ಹೊರಡುವ ಮುನ್ನ ತೂಕ ನೋಡಿಸೋಣವೆಂದು ಜೋಳದ ಉಗ್ರಾಣಕ್ಕೆ ಒಯ್ದರು. ಲಾರಿ ತೂಗುವ ಅಲ್ಲಿನ ತಕ್ಕಡಿಯ ಮೇಲೆ ಊರಿನವರೆಲ್ಲ ಟ್ರೇಲರುಗಳನ್ನೂ ತೂಗಿಸುತ್ತಾರೆ. ತೂಗುವ ಗ್ಲೆನ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಪ್ಪಾ ಡೆಲ್, ಒಳಗೆ ಜೋಳ ತುಂಬ್ಕೊಂಡು ಹೊರಟಿದೀಯಾ?"

"ಖಾಲಿ ಕಣೋ. ನೀರೂ ತುಂಬಿಲ್ಲ."

"ಹಾಗಾದ್ರೆ ನೋರೀನನ್ನ ಇಳಿಸು."

"ನನ್ನ ಮೇಲೆ ಹಾಕ್ಬೇಡ್ವೋ ಗ್ಲೆನ್. ನಾನು ಬೆಳಿಗ್ಗೆಯಿಂದ ಬರೀ ಕಾಫಿ ಕುಡಿದಿರೋಳು. ನಿನ್ನ ಹೊಟ್ಟೆನೇ ತಕ್ಕಡಿ ಮೇಲೆ ಇಳಿದಿದೆಯಾ ನೋಡು."

ಗ್ಲೆನ್ ನಕ್ಕ, ಮತ್ತೆ ತೂಗಿದ, ನಗೆ ನಿಲ್ಲಿಸಿದ. ತೂಕದ ಚೀಟಿಯನ್ನು ಕಿಟಕಿಯಿಂದ ಚಾಚಿದ. ಟ್ರೇಲರಿನ ಬಾಗಿಲ ಪಕ್ಕದಲ್ಲಿ ಅಂಟಿಸಿದ ಹಳದಿ ಪಟ್ಟಿಯಲ್ಲಿ ಅಚ್ಚುಗಳು ಎಷ್ಟು ಭಾರ ಹೊರಬಲ್ಲವೆಂದು ಬರೆದಿರುತ್ತದೆ. ಬಟ್ಟೆಬರೆ, ಪಾತ್ರೆ, ನೀರು ಒಂದೂ ಇಲ್ಲದೆಯೇ ಗಾಡಿ ಆ ಮಿತಿಯನ್ನು ದಾಟಿ ಎರಡು ಹಸುಗಳಷ್ಟು ಹೆಚ್ಚು ತೂಗುತ್ತಿತ್ತು.

"ಬಯಲಲ್ಲಿ ಹೇಗೋ ಉರುಳುತ್ತೆ," ಎಂದ ಗ್ಲೆನ್. "ಬೆಟ್ಟ ಹತ್ತಿಸಬೇಡ ಮಾರಾಯ. ಇಳಿಯೋವಾಗ ಬ್ರೇಕ್ ಹಿಡಿಯಲ್ಲ."

ಡೆಲ್ಮಾರ್ ಚೀಟಿ ಹಿಡಿದು ನಿಂತ. ಅಂಥ ಹಳದಿ ಪಟ್ಟಿಗಳನ್ನು ತನ್ನ ಕೈಯಿಂದಲೇ ಅದೆಷ್ಟೋ ಅಂಟಿಸಿದ್ದ. ಗೋಡೆ ಏಕೆ ತೆಳು, ಕಪಾಟು ಏಕೆ ಟೊಳ್ಳು ಎಂದು ಹೊಸ ಹುಡುಗರು ಕೇಳಿದರೆ, "ಮನೆ ಓಡಬೇಕು ಕಣ್ರೋ, ನಿಲ್ಲೋದಲ್ಲ," ಎಂದು ತಾನೇ ಹೇಳಿಕೊಡುತ್ತಿದ್ದ. ತನ್ನ ಮನೆಯ ಹೊತ್ತಿಗೆ ಆ ಪಾಠ ಎಲ್ಲಿ ಹೋಗಿತ್ತೋ!

ಹೋಗಲು ಮನೆಯಿಲ್ಲದೆ ಗಾಲಿಮನೆಯನ್ನು ಪೆರಿಯ ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು. ಪೆರಿ ಒಂದು ಸುತ್ತು ಹಾಕಿ ಬಂದು ಗಡ್ಡ ನೀವಿಕೊಂಡ.

"ನೀನು ಮನುಷ್ಯರನ್ನ ಒಯ್ಯೋ ಗಾಡಿ ಮಾಡ್ಲಿಲ್ಲ ಕಣೋ, ಕಾಡನ್ನ ಒಯ್ಯೋ ಗಾಡಿ ಮಾಡ್ದೆ."

"ಉರಿಯೋ ಗಾಯಕ್ಕೆ ಉಪ್ಪು ಹಾಕ್ಬೇಡ."

"ಉಪ್ಪಲ್ವೋ, ಮದ್ದು ಹೇಳ್ತೀನಿ ಕೇಳು. ನಾನು ನನ್ನ ಇಬ್ಬರು ಅಳಿಯಂದಿರು ಬರ್ತೀವಿ. ಓಕ್ ಅಷ್ಟನ್ನೂ ಕಿತ್ತು ಹಾಕಿ ತೆಳು ಹಲಗೆ ಬಡಿದು ಕೊಡ್ತೀವಿ, ಹಳೇ ಕಾಲದ ಓಟ. ಶುಕ್ರವಾರಕ್ಕೆ ನೀನು ರಸ್ತೆ ಮೇಲಿರ್ತೀಯ."

ನೋರೀನ್ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದಳು. ಅವಳ ಕಣ್ಣು ಡೆಲ್ಮಾರನ ಮುಖದ ಮೇಲಿತ್ತು. ಹೂಂ ಎನ್ನುವ ಒಂದು ಅಕ್ಷರ ಸಾಕಿತ್ತು.

"ಬೇಡ," ಎಂದ ಡೆಲ್ಮಾರ್. "ನೀವು ಕಿತ್ರೆ ಸೀಳಿಹೋಗುತ್ತೆ. ನಾನೇ ಒಂದೊಂದಾಗಿ ಬಿಚ್ತೀನಿ. ಕೆಲವಕ್ಕೆ ಹಿಂದಿನಿಂದ ಹತ್ತರಿ ಹೊಡೆದು ಮರ ತೆಳು ಮಾಡಿದ್ರೂ ತೂಕ ಇಳಿಯುತ್ತೆ."

ಪೆರಿ ನೋರೀನಳ ಕಡೆ ನೋಡಿದ. ಅವಳು ಎದ್ದು ಒಳಗೆ ಹೋದಳು.

ಡೆಲ್ಮಾರ್ ಒಂದು ಕಪಾಟನ್ನು ಬಿಚ್ಚಿ ತಂದು ಹುಲ್ಲಿನ ಮೇಲಿಟ್ಟ. ಹಿಂಬದಿಯಿಂದ ಹತ್ತರಿ ಹೊಡೆದ. ಸುರುಳಿ ಸುರುಳಿಯಾಗಿ ಹೊಟ್ಟು ಬಿತ್ತು, ತೂಕ ಒಂದು ಬೆಕ್ಕಿನಷ್ಟು ಇಳಿಯಿತು. ಮರುದಿನ ಇನ್ನೊಂದು. ಮೂರನೆಯದನ್ನು ಬಿಚ್ಚಲು ಹೋಗಿ ಅದರ ಮುಂದೆ ಸುಮ್ಮನೆ ಕುಳಿತ. ಆ ಬಾಗಿಲಿನ ಮರದಲ್ಲಿ ಹೊಳೆಯ ನೀರಿನಂಥ ಗೆರೆಗಳಿದ್ದವು. ಹೀಗೆ ಜೂನ್ ಅರ್ಧವಾಯಿತು.

ಒಂದು ಭಾನುವಾರ ಫೋನ್ ಬರಲಿಲ್ಲ. ನೋರೀನ್ ತಾನೇ ಮಾಡಿದಳು. ಡೆಲ್ಮಾರ್‌ಗೂ ಕೇಳಲಿ ಎಂದು ದನಿ ಜೋರು ಮಾಡಿ ಮೇಜಿನ ಮೇಲಿಟ್ಟಳು.

"ಅಕ್ಕಾ, ನಾನು."

"ನಮಸ್ಕಾರ. ಹೇಗಿದೀರಾ ಮೇಡಂ?"

ನೋರೀನ್ ಮೇಜಿನ ಅಂಚು ಹಿಡಿದಳು. "ಚೆನ್ನಾಗಿದೀನಿ. ನೀನು?"

"ನಾನು ಚೆನ್ನಾಗಿದೀನಿ. ಫೋನ್ ಮಾಡಿದ್ದು ಒಳ್ಳೇದಾಯ್ತು. ಆದ್ರೆ ಜಾಸ್ತಿ ಹೊತ್ತು ಮಾತಾಡೋಕಾಗಲ್ಲ, ತಪ್ಪು ತಿಳೀಬೇಡಿ. ಈ ಬೇಸಿಗೆ ನನ್ನ ತಂಗಿ ಬರ್ತಾಳೆ. ಅವಳ ಗಂಡ ಅವಳಿಗೆ ಅಂತಾನೇ ಒಂದು ಮನೆ ಕಟ್ತಿದಾನೆ, ಗಾಲಿ ಮೇಲೆ. ಪಾಪ ಒಳ್ಳೆ ಹುಡುಗ. ಒಂಚೂರು ನಿಧಾನ."

"ಬರ್ತಾಳೆ," ಎಂದಳು ನೋರೀನ್. "ಖಂಡಿತ ಬರ್ತಾಳೆ." ಫೋನ್ ಆರಿಸಿ, ಒಲೆಯ ಮೇಲಿನ ಪಾತ್ರೆಯನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗಿಟ್ಟಳು.

"ಇನ್ನೆರಡು ವಾರ ಕೊಡು ನೋರೀನ್," ಎಂದ ಡೆಲ್ಮಾರ್. ಅವನ ದನಿ ಅವನಿಗೇ ಪರಕೀಯವಾಗಿತ್ತು.

"ರೈಲಿಗೆ ಹೋಗ್ತೀನಿ. ಶಿಕಾಗೋದಲ್ಲಿ ಬದಲಾಯಿಸಿದ್ರೆ ಸಿಯಾಟಲ್‌ವರೆಗೂ ಒಂದೇ ಗಾಡಿ. ಅಕ್ಕನ ಮಗ ಬಂದು ಕರ್ಕೊಂಡು ಹೋಗ್ತಾನೆ."

"ಮನೆ ಸಮೇತ ಹೋಗ್ತೀನಿ ಅಂತಿದ್ದೆಯಲ್ಲೇ."

"ಮನೆ ಎಲ್ಲಿದೆ ಡೆಲ್? ನನ್ನ ಮನೆ ನಾನು ಹುಲ್ಲಿನ ಗಾಡಿ ಮೇಲಿಟ್ಟು ಕೊಟ್ಟೆ. ಚಮಚದಿಂದ ಹಿಡಿದು ಹೊಲಿಗೆ ಮಿಷನ್‌ವರೆಗೂ. ನೀನು ಒಂದು ಕಪಾಟು ಬಿಡ್ಲಿಲ್ಲ." ಅವಳು ಕೂಗಲಿಲ್ಲ. ಸಂತೆಯಿಂದ ತಂದ ಸಾಮಾನು ಹೇಳುವ ಹಾಗೆ ಹೇಳಿದಳು. "ಕಾರ್ಖಾನೆಗೆ ಆದ್ರೆ ಜೀವಮಾನ ಓಡಿದೆ. ನಂಗೋಸ್ಕರ ಒಂದು ಸಲ ಓಡಬೇಕಿತ್ತು ಕಣೋ."

"ನಿನಗೋಸ್ಕರವೇ ಇಷ್ಟು ಚೆನ್ನಾಗಿ ಮಾಡಿದ್ದು."

"ನಾನು ಕೇಳಿದ್ದು ಕಪಾಟಲ್ಲ."

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೆತ್ತಗಾದಳು. "ಎರಡು ಟಿಕೆಟ್ ತಗೊಳ್ಳೋಣ. ಬಾ ನನ್ನ ಜೊತೆ. ಇದನ್ನ ಪೆರಿ ನೋಡ್ಕೋತಾನೆ."

ಡೆಲ್ಮಾರ್ ಸುತ್ತ ನೋಡಿದ. ಅರ್ಧ ಬಿಚ್ಚಿದ ಗೋಡೆ, ಹೊರಗೆ ಹುಲ್ಲಿನ ಮೇಲೆ ಕಪಾಟುಗಳು, ಮೇಲೆ ಹೊದಿಸಿದ ಟಾರ್ಪಾಲು. ಮಳೆ ಬಂದರೆ ಮರ ಉಬ್ಬುತ್ತದೆ. ಬರಿಗೈಯಲ್ಲಿ ಹೋಗಿ ವಾಂಡಾಳ ಅಂಗಳದಲ್ಲಿ ನಿಂತು ಏನು ಹೇಳುವುದು? "ನೀನು ಮುಂದೆ ಹೋಗಿರು," ಎಂದ. "ನಾನು ಇದನ್ನ ತಗೊಂಡು ಹಿಂದೆಯೇ ಬರ್ತೀನಿ."

ನೋರೀನ್ ತಲೆಯಾಡಿಸಿದಳು. ಅದು ಹೂಂ ಅಲ್ಲ, ಉಹೂಂ ಕೂಡ ಅಲ್ಲ.

ಗುರುವಾರ ಬೆಳಿಗ್ಗೆ ಎಲ್ಕ್‌ಹಾರ್ಟ್ ನಿಲ್ದಾಣದಲ್ಲಿ ಅವಳನ್ನು ಹತ್ತಿಸಿದ. ಒಂದೇ ಪೆಟ್ಟಿಗೆ; ಒಂದು ಕೈಯಲ್ಲಿ ಎತ್ತುವಷ್ಟು ಹಗುರ. "ಊಟ ಹೊತ್ತಿಗೆ ಮಾಡು. ಬರೀ ಬ್ರೆಡ್ಡು ತಿಂದು ಕೂರಬೇಡ," ಎಂದಳು. ಕಿಟಕಿಯ ಬಳಿ ಕೂತು ಕೈ ಬೀಸಿದಳೋ ಇಲ್ಲವೋ, ಗಾಜಿನ ಮೇಲೆ ಬಿಸಿಲು ಬಿದ್ದು ಅವನಿಗೆ ಕಾಣಲಿಲ್ಲ. ರೈಲು ಹೋದ ಮೇಲೂ ಡೆಲ್ಮಾರ್ ಅಲ್ಲೇ ನಿಂತಿದ್ದ. ಆ ಊರಿನ ಹಳಿಗಳ ಮೇಲೆ ಸದಾ ಸರಕಿನ ಗಾಡಿ ಓಡುತ್ತಿರುತ್ತದೆ; ಒಂದಾದ ಮೇಲೊಂದು ಎಷ್ಟು ಹೋದವೋ.

ಅಂದು ಮಧ್ಯಾಹ್ನ ಅವನು ಪೆರಿಯನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಪೆರಿಯ ಅಳಿಯಂದಿರು ಆಗಲೇ ಗೋಧಿ ಕೊಯ್ಲಿಗೆ ಹೋಗಿದ್ದರು ಎಂದು ತನಗೆ ತಾನೇ ನೆಪ ಹೇಳಿಕೊಂಡ. ಜುಲೈ ಪೂರ್ತಿ ಒಬ್ಬನೇ ಬಿಚ್ಚಿದ, ಒಬ್ಬನೇ ತೆಳು ಹಲಗೆ ಕೂರಿಸಿದ. ಕಿತ್ತ ಓಕ್ ಕಪಾಟುಗಳನ್ನು ಪೆರಿಯ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದ. ಈಗ ಕೈ ಬೇಗ ಓಡುತ್ತಿತ್ತು, ಮೊಳೆ ಒಂದೆರಡು ತಪ್ಪಿದರೂ ತಿರುಗಿ ನೋಡುತ್ತಿರಲಿಲ್ಲ. ಮಂಡಿ ಮಾತ್ರ ಮೊದಲಿನಂತೆ ಓಡಲೊಲ್ಲದು. ಒಬ್ಬನಿಗೆ ಆ ಕೆಲಸ ಸೆಪ್ಟೆಂಬರ್ ದಾಟಿಸಿತು.

ನೋರೀನ್ ಭಾನುವಾರಗಳಂದು ಫೋನ್ ಮಾಡುತ್ತಿದ್ದಳು. ಅಕ್ಕ ತನ್ನನ್ನು ಮೇಡಂ ಎಂದೇ ಕರೆಯುತ್ತಾಳೆ, ಕೆಲಸದವಳೆಂದುಕೊಂಡಿದ್ದಾಳೆ, ಆದರೂ ಕೈ ಹಿಡಿದುಕೊಂಡರೆ ಬಿಡುವುದಿಲ್ಲ. ಸಂಜೆ ಇಬ್ಬರೂ ಜಲ್ಲಿ ಹಾಕಿದ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. "ಇಲ್ಲಿ ಕೂತು ತಂಗಿ ದಾರಿ ನೋಡ್ಬೇಕಂತೆ. ನಾನೂ ನೋಡ್ತೀನಿ ಅವಳ ಜೊತೆ," ಎಂದಳು ಒಮ್ಮೆ.

ಅಕ್ಟೋಬರ್ ಮೊದಲ ವಾರ ಗ್ಲೆನ್ ಮತ್ತೆ ತೂಗಿ, "ಈಗ ಸರಿಯಾಯ್ತು ನೋಡು, ಹೊರಡು," ಎಂದ. ಡೆಲ್ಮಾರ್ ತಕ್ಕಡಿಯ ಮೇಲಿಂದಲೇ ನೋರೀನಳಿಗೆ ಫೋನ್ ಮಾಡಿದ.

"ತೂಕ ಸರಿ ಆಯ್ತು ಕಣೇ! ನಾಳೆನೇ ಹೊರಡ್ತೀನಿ."

"ನಿನ್ನೆ ಅಕ್ಕನ್ನ ವೃದ್ಧಾಶ್ರಮಕ್ಕೆ ಸೇರಿಸಿದ್ವಿ, ಡೆಲ್. ರಾತ್ರಿ ಎದ್ದು ರಸ್ತೆಗೆ ಹೋಗ್ತಿದ್ಲು. ತೋಟ, ಮನೆ ಎಲ್ಲ ಅವಳ ಮಗ ಬೇರೆಯವರಿಗೆ ಕೊಡ್ತಿದಾನೆ. ನಾನು ಆಶ್ರಮದ ಹತ್ತಿರ ಒಂದು ಕೋಣೆ ಹಿಡಿದಿದೀನಿ. ಮನೆ ತರಬೇಡ. ಇಲ್ಲಿ ಅದಕ್ಕೆ ಜಾಗ ಇಲ್ಲ. ಬರೋದಾದ್ರೆ ನೀನು ಬಾ."

ಹಿಂದೆ ಜೋಳದ ಲಾರಿಯವನು ಹಾರನ್ ಒತ್ತಿದ. ಡೆಲ್ಮಾರ್ ಗಾಡಿಯನ್ನು ತಕ್ಕಡಿಯಿಂದ ಇಳಿಸಿ ಪಕ್ಕಕ್ಕೆ ನಿಲ್ಲಿಸಿದ.

ಗಾಲಿಮನೆ ವಾಂಡಾಳ ಅಂಗಳವನ್ನು ಮುಟ್ಟಲಿಲ್ಲ. ಡೆಲ್ಮಾರ್ ಕೊಟ್ಟ ಮಾತು ನಡೆಯಲಿಲ್ಲ.